ಕೊವೆಂಟ್ರಿಯ ಬೂದಿಯಿಂದ ಎದ್ದ ಕಾರು

ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ರೈಲು ಹತ್ತಿ ಒಂದು ಗಂಟೆ ಕುಳಿತರೆ ಕೊವೆಂಟ್ರಿ ಬರುತ್ತದೆ. ಪ್ರವಾಸಿಗಳು ಸಾಮಾನ್ಯವಾಗಿ ಇಲ್ಲಿ ಇಳಿಯುವುದಿಲ್ಲ. ಹತ್ತಿರದಲ್ಲೇ ಷೇಕ್ಸ್‌ಪಿಯರನ ಹುಟ್ಟೂರು ಇದೆಯಲ್ಲ, ಅಲ್ಲಿಗೆ ಧಾವಿಸುತ್ತಾರೆ. ಆದರೆ ಯಂತ್ರಗಳ ಮೇಲೆ ಪ್ರೀತಿ ಇರುವ ಮಕ್ಕಳಿಗೆ, ಅವರ ಜೊತೆ ಹೊರಟ ತಂದೆ ತಾಯಂದಿರಿಗೆ ಕೊವೆಂಟ್ರಿಯಂಥ ಪಾಠಶಾಲೆ ಇನ್ನೊಂದು ಸಿಗುವುದು ಕಷ್ಟ.

ನಾವು ಇಂದು ತುಳಿಯುವ ಸೈಕಲ್ಲಿನ ಮೂಲರೂಪವನ್ನು 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ್ದು ಇದೇ ಊರಿನಲ್ಲಿ. ಸೈಕಲ್ ಕಾರ್ಖಾನೆಗಳ ಬೆನ್ನಿಗೇ ಮೋಟಾರು ಕಾರ್ಖಾನೆಗಳು ಬಂದವು. ಎರಡನೇ ಮಹಾಯುದ್ಧ ಬಂದಾಗ ಇವೇ ಕಾರ್ಖಾನೆಗಳು ಯುದ್ಧಸಾಮಗ್ರಿ ತಯಾರಿಸತೊಡಗಿದವು. ಶತ್ರುವಿನ ಕಣ್ಣು ಬೀಳಲು ಅಷ್ಟು ಸಾಕಾಯಿತು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಹತ್ತು ಗಂಟೆಗೂ ಹೆಚ್ಚು ಕಾಲ ಬಾಂಬಿನ ಮಳೆ ಸುರಿಸಿದವು. ಐನೂರಕ್ಕೂ ಹೆಚ್ಚು ಜನ ಸತ್ತರು. ಊರಿನ ನಡುವಿದ್ದ ಮಧ್ಯಯುಗದ ಸೇಂಟ್ ಮೈಕೇಲ್ ಕೆಥೆಡ್ರಲ್ ಸುಟ್ಟು ಬರಿಯ ಗೋಡೆಗಳೂ ಗೋಪುರವೂ ಉಳಿದವು.

ಆ ಊರಿನ ಒಂದು ಕಾರ್ಖಾನೆಯ ಮಾಲೀಕ ವಿಲಿಯಂ ಲಯನ್ಸ್. ಆತ 1922ರಲ್ಲಿ ಬ್ಲ್ಯಾಕ್‌ಪೂಲಿನಲ್ಲಿ ಮೋಟಾರ್ ಸೈಕಲ್ಲಿಗೆ ಪಕ್ಕದ ತೊಟ್ಟಿಲು, ಅಂದರೆ ಸೈಡ್‌ಕಾರ್ ಕಟ್ಟುವ ಸಣ್ಣ ವ್ಯಾಪಾರ ಶುರು ಮಾಡಿದವ. 1928ರಲ್ಲಿ ಕೊವೆಂಟ್ರಿಗೆ ಬಂದು ಕಾರು ತಯಾರಕನಾದ. ಅವನ ಕಂಪೆನಿಯ ಹೆಸರು ‘ಎಸ್.ಎಸ್. ಕಾರ್ಸ್’. ಹಿಟ್ಲರನ ಎಸ್.ಎಸ್. ಪಡೆಯ ಕ್ರೌರ್ಯದಿಂದ ಆ ಎರಡು ಅಕ್ಷರಗಳೇ ಮೈಲಿಗೆಯಾಗಿದ್ದವು. 1945ರಲ್ಲಿ ಲಯನ್ಸ್ ಕಂಪೆನಿಗೆ ತನ್ನದೇ ಒಂದು ಕಾರಿನ ಹೆಸರನ್ನಿಟ್ಟ: ಜಾಗ್ವಾರ್.

ಯುದ್ಧದ ದಿನಗಳಲ್ಲಿ ಬೆಂಕಿ ಬಾಂಬು ಬಿದ್ದರೆ ಆರಿಸಲು ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಕಾಯಬೇಕಿತ್ತು. ಲಯನ್ಸ್ ಮತ್ತು ಅವನ ಎಂಜಿನಿಯರುಗಳಾದ ವಿಲಿಯಂ ಹೇನ್ಸ್, ವಾಲ್ಟರ್ ಹ್ಯಾಸನ್, ಕ್ಲಾಡ್ ಬೇಲಿ ಒಟ್ಟಿಗೆ ಪಾಳಿ ಹಾಕಿಸಿಕೊಂಡರು. ಆಕಾಶದ ಕಡೆ ಒಂದು ಕಣ್ಣಿಟ್ಟು, ಯುದ್ಧ ಮುಗಿದ ಮೇಲೆ ಎಂಥ ಎಂಜಿನ್ ಮಾಡಬೇಕೆಂದು ಚರ್ಚಿಸಿದರು. ಸುತ್ತ ಊರು ಉರಿದು ಬೂದಿಯಾಗಿರುವಾಗ ನಾಳೆಯ ಲೆಕ್ಕ ಹಾಕುವ ಎದೆಗಾರಿಕೆ ಅದು! ಹಾಗೆ ಹುಟ್ಟಿದ ಆರು ಸಿಲಿಂಡರಿನ, 3.4 ಲೀಟರಿನ, ಎರಡು ಕ್ಯಾಮ್ ಶಾಫ್ಟುಗಳ ಎಕ್ಸ್‌ಕೆ ಎಂಜಿನ್ ಬಗೆಬಗೆಯ ರೂಪದಲ್ಲಿ 1992ರವರೆಗೂ ತಯಾರಾಗುತ್ತಿತ್ತು. ಲೆ ಮಾನ್ಸ್‌ನ 24 ಗಂಟೆಗಳ ಸ್ಪರ್ಧೆಯನ್ನು ಜಾಗ್ವಾರ್ 1950ರ ದಶಕದಲ್ಲಿ ಐದು ಸಲ ಗೆದ್ದದ್ದು ಇದರ ಬಲದಿಂದಲೇ.

ಈ ಎಂಜಿನ್ ಒಂದು ದೊಡ್ಡ ಕುಟುಂಬದ ಕಾರಿಗಾಗಿ ಸಿದ್ಧವಾಗಿತ್ತು. ಆದರೆ 1948ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನ ಬಂದಾಗ ಆ ಕಾರು ತಯಾರಿರಲಿಲ್ಲ. ಎಂಜಿನ್ನನ್ನಾದರೂ ತೋರಿಸೋಣವೆಂದು ಲಯನ್ಸ್ ಕೆಲವೇ ವಾರಗಳಲ್ಲಿ ಇಬ್ಬರು ಕೂರುವ ಒಂದು ತೆರೆದ ಕಾರಿಗೆ ರೂಪ ಕೊಟ್ಟ. ಅದೇ ಎಕ್ಸ್‌ಕೆ 120. ಹೆಸರಿನ 120 ಎಂದರೆ ಗಂಟೆಗೆ 120 ಮೈಲಿ, ಸುಮಾರು 193 ಕಿ.ಮೀ. ಜನ ನಂಬಲಿಲ್ಲ. 1949ರ ಮೇ ತಿಂಗಳಲ್ಲಿ ಬೆಲ್ಜಿಯಂ ದೇಶದ ಯಾಬೆಕೆ ಹೆದ್ದಾರಿಯಲ್ಲಿ ಪತ್ರಕರ್ತರ ಎದುರು ಓಡಿಸಿದಾಗ 132 ಮೈಲಿ ದಾಟಿತು. ಅನುಮಾನಿಸಿದವರ ಬಾಯಿ ಮುಚ್ಚಿತು.

ಮಾಡಬೇಕೆಂದಿದ್ದುದು ಸುಮಾರು ಇನ್ನೂರು ಕಾರು ಮಾತ್ರ. ಅಷ್ಟಕ್ಕೆ ಉಕ್ಕಿನ ತಗಡನ್ನು ಒತ್ತುವ ದುಬಾರಿ ಅಚ್ಚು ಮಾಡಿಸುವುದು ಗಿಟ್ಟುವ ಮಾತಲ್ಲ; ಉಕ್ಕಿಗಂತೂ ಆಗ ಬರಗಾಲ, ಹೆಚ್ಚು ರಫ್ತು ಮಾಡುವ ಕಾರ್ಖಾನೆಗೆ ಮೊದಲ ಪಾಲು. ಹೀಗಾಗಿ ಆ್ಯಶ್ ಎಂಬ ಮರದ ಚೌಕಟ್ಟು ಕಟ್ಟಿ, ಅದರ ಮೇಲೆ ಅಲ್ಯೂಮಿನಿಯಂ ತಗಡನ್ನು ಕೈಯಿಂದ ಬಡಿದು ಕೂರಿಸಿದರು. ಬೇಡಿಕೆ ಲೆಕ್ಕ ಮೀರಿದ ಮೇಲೆ, 1950ರಿಂದ, ಉಕ್ಕಿನ ಬಾಡಿ ಬಂತು. ಒಟ್ಟು ಹನ್ನೆರಡು ಸಾವಿರದಷ್ಟು ಎಕ್ಸ್‌ಕೆ 120 ತಯಾರಾದರೂ ಕೈಯಿಂದ ಬಡಿದ ಅಲ್ಯೂಮಿನಿಯಂ ಕಾರುಗಳು ಸುಮಾರು 240 ಮಾತ್ರ. ಅವುಗಳಲ್ಲೂ ಹೆಚ್ಚಿನವು ಎಡಗಡೆ ಸ್ಟೀರಿಂಗಿನವು, ಹೊರದೇಶಕ್ಕೆಂದೇ ಮಾಡಿದವು. ಹಾಲಿವುಡ್ ನಟ ಕ್ಲಾರ್ಕ್ ಗೇಬಲ್ ಮೊದಲ ಗಿರಾಕಿಗಳಲ್ಲೊಬ್ಬ. ಕಾರು ಕಟ್ಟಿದ ಕಾರ್ಮಿಕನ ದೇಶದಲ್ಲಿ ಆಗ ಪೆಟ್ರೋಲಿಗೂ ಪಡಿತರ. ಅದು ಮುಗಿದದ್ದು 1950ರಲ್ಲಿ. ಕೊರತೆಯ ಕಾಲದ ಕೂಸು ಇಂದು ಕೋಟಿಯ ಮಾತಾಡುತ್ತಿದೆ.

ಆ ಇನ್ನೂರ ನಲವತ್ತರಲ್ಲೊಂದು ಎನ್‌ಯುಬಿ 120 ಎಂಬ ನೋಂದಣಿಯ ಬಿಳಿ ಕಾರು. ಲಯನ್ಸನ ಅಳಿಯ ಇಯಾನ್ ಆ್ಯಪಲ್‌ಯಾರ್ಡ್, ಮಗಳು ಪ್ಯಾಟ್ ಇದರಲ್ಲಿ ಆಲ್ಪ್ಸ್ ಪರ್ವತದ ಕಡಿದಾದ ತಿರುವುಗಳನ್ನು ಹತ್ತಿಳಿದರು. 1950, 51, 52, ಮೂರು ವರ್ಷ ಸತತವಾಗಿ ಆಲ್ಪೈನ್ ರ್‍ಯಾಲಿಯಲ್ಲಿ ಒಂದೂ ದಂಡದ ಅಂಕವಿಲ್ಲದೆ ಮುಗಿಸಿ, ಆ ಸ್ಪರ್ಧೆಯ ಮೊಟ್ಟಮೊದಲ ಚಿನ್ನದ ಕಪ್ ಗೆದ್ದರು. ಈ ಕಾರು ಜಾಗ್ವಾರ್ ಪರಂಪರೆಯ ಟ್ರಸ್ಟಿನ ಪಾಲಿಗೆ ಬಂದಿದೆ. ಟ್ರಸ್ಟಿನ ಕಾರುಗಳನ್ನು ನೋಡಲು ಕೊವೆಂಟ್ರಿಯಿಂದ ದಕ್ಷಿಣಕ್ಕೆ ಗೇಡನ್ ಹಳ್ಳಿಯ ಬ್ರಿಟಿಷ್ ಮೋಟಾರ್ ಮ್ಯೂಸಿಯಮ್ಮಿಗೆ ಹೋಗಬೇಕು. 2016ರಲ್ಲಿ ತೆರೆದ ಅಲ್ಲಿಯ ಸಂಗ್ರಹ ಭವನದಲ್ಲಿ ಹಳೆಯ ಕಾರುಗಳ ರಿಪೇರಿಯನ್ನೂ ಕಣ್ಣಾರೆ ನೋಡಬಹುದು. ಯಾವ ಕಾರು ಎಂದು ಪ್ರದರ್ಶನದಲ್ಲಿರುತ್ತದೆ ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.

ಇಂಥ ಕಾರಿಗೆ ಮರುಜೀವ ಕೊಡುವುದೆಂದರೆ ಬಣ್ಣ ಬಳಿದು ಮಿಂಚಿಸುವುದಲ್ಲ. ನೆಲಕ್ಕೆ ಹತ್ತಿರವಿರುವ ಆ್ಯಶ್ ಮರ ನೀರು ಕುಡಿದು ಕೊಳೆತಿರುತ್ತದೆ. ಅಲ್ಯೂಮಿನಿಯಂ ತಗಡಿಗೆ ಉಕ್ಕಿನ ಬೋಲ್ಟು ತಾಗಿರುವಲ್ಲಿ ತೇವ ಸೇರಿದರೆ ಅದೊಂದು ಪುಟ್ಟ ಬ್ಯಾಟರಿಯೇ ಆಗಿ, ಅಲ್ಯೂಮಿನಿಯಂ ಸವೆದು ಪುಡಿಯಾಗುತ್ತದೆ. ರಸಾಯನಶಾಸ್ತ್ರದ ತರಗತಿಯಲ್ಲಿ ಮಕ್ಕಳು ಓದುವ ಪಾಠ ಇಲ್ಲಿ ಕಾರಿನ ಮೈಮೇಲೆ ಬರೆದಿರುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಎನ್ನುವ ಕೆಲಸದ ಪರಮಾವಧಿಯನ್ನು ಇಲ್ಲಿ ಕಾಣಬೇಕು. ಎರಡು ಉಕ್ಕಿನ ಗಾಲಿಗಳ ನಡುವೆ ತಗಡನ್ನು ಹಿಂದೆ ಮುಂದೆ ಹಾಯಿಸಿ, ಅಂಗೈಯಿಂದ ಸವರಿ ಉಬ್ಬು ತಗ್ಗು ಅಳೆಯುತ್ತಾರೆ. ಎರಡು ಕಾರುಗಳು ಪೂರ್ತಿ ಒಂದೇ ಅಳತೆಯವಲ್ಲ. ಒಂದರ ಭಾಗ ಇನ್ನೊಂದಕ್ಕೆ ನೇರವಾಗಿ ಕೂರುವ ಭರವಸೆಯಿಲ್ಲ.

ಹಾಗಾದರೆ ಮರ ಹೊಸದು, ತಗಡಿನ ಅರ್ಧ ಹೊಸದು, ಚರ್ಮದ ಸೀಟು ಹೊಸದು. ಕಾರು ಮಾತ್ರ ಹಳೆಯದೇ? ಇದಕ್ಕೆ ಬಲ್ಲವರು ದಾಖಲೆಯ ಮೊರೆ ಹೋಗುತ್ತಾರೆ. ಚಾಸಿ, ಎಂಜಿನ್, ಗೇರ್ ಬಾಕ್ಸ್, ಬಾಡಿ ಎಲ್ಲಕ್ಕೂ ಒಂದೊಂದು ಸಂಖ್ಯೆ. ಕಾರ್ಖಾನೆಯ ಹಳೆಯ ಲೆಕ್ಕದ ಪುಸ್ತಕ ನೋಡಿ, ಆ ಕಾರು ಯಾವ ಸಂಖ್ಯೆ, ಯಾವ ಬಣ್ಣದಲ್ಲಿ ಹೊರಬಿತ್ತೆಂದು ಟ್ರಸ್ಟ್ ಪ್ರಮಾಣಪತ್ರ ಕೊಡುತ್ತದೆ. ಆದರೂ ಪ್ರಶ್ನೆ ತೀರುವುದಿಲ್ಲ. ನಮ್ಮೂರ ತೇರಿನ ಗಾಲಿ ಸವೆದರೆ ಹೊಸದು ಹಾಕುತ್ತೇವೆ, ಅಚ್ಚುಮರ ಮುರಿದರೆ ಬೇರೆ ಕೂರಿಸುತ್ತೇವೆ. ತೇರು ಮಾತ್ರ ಅಜ್ಜನ ಕಾಲದ್ದೇ. ಎಳೆಯುವ ಜನ, ಗಾಲಿ ಕಡೆಯುವ ಬಡಗಿ ಇರುವ ತನಕ ಆ ಮಾತು ಸುಳ್ಳಲ್ಲ. ಆದರೆ ಹಳೆಯ ಕಾರಿನ ಮೇಲಿನ ಗೀರು, ಬಣ್ಣದ ಪದರ ಎಲ್ಲವನ್ನೂ ಉಜ್ಜಿ ತೆಗೆದರೆ ಅದು ಓಡಿದ ದಾರಿಯ ಸಾಕ್ಷಿಯೂ ಹೋಗುತ್ತದೆ. ಎಷ್ಟು ಉಳಿಸಬೇಕು, ಎಷ್ಟು ಹೊಸದು ಮಾಡಬೇಕು ಎಂಬ ವಿವೇಚನೆಯೇ ಈ ಕಸುಬಿನ ಜೀವಾಳ.

ಅದೇ ಪ್ರಶ್ನೆ ಕೊವೆಂಟ್ರಿಯ ಕೆಥೆಡ್ರಲಿಗೂ ಎದುರಾಗಿತ್ತು. ಅಲ್ಲಿಯವರು ಬೇರೆ ಉತ್ತರ ಕೊಟ್ಟರು. ಸುಟ್ಟ ಗೋಡೆಗಳನ್ನು ಮುಟ್ಟದೆ, ಮೇಲೆ ಸೂರು ಹೊದಿಸದೆ ಹಾಗೆಯೇ ಬಿಟ್ಟು, ಪಕ್ಕದಲ್ಲಿ ಬೇಸಿಲ್ ಸ್ಪೆನ್ಸ್ ವಿನ್ಯಾಸದ ಹೊಸ ಕೆಥೆಡ್ರಲ್ ಕಟ್ಟಿ 1962ರಲ್ಲಿ ತೆರೆದರು. ಇಲ್ಲಿ ಗಾಯವನ್ನು ಕಾಣಬೇಕು, ಮರೆಯಬಾರದು ಎಂಬುದು ಉದ್ದೇಶ. ಕಾರು ಹಾಗಲ್ಲ. ಓಡದ ಕಾರಿನಲ್ಲಿ ಅದನ್ನು ಕಟ್ಟಿದವರ ಜಾಣ್ಮೆ ಕಾಣುವುದಿಲ್ಲ, ಕೇಳುವುದೂ ಇಲ್ಲ.

2008ರಲ್ಲಿ ಟಾಟಾ ಮೋಟಾರ್ಸ್ ಜಾಗ್ವಾರ್ ಕಂಪೆನಿಯನ್ನು ಕೊಂಡಾಗ ಈ ಪರಂಪರೆಯ ಹೊಣೆಯಲ್ಲಿ ಭಾರತಕ್ಕೂ ಪಾಲು ಬಂತು. 2017ರಲ್ಲಿ ಕೊವೆಂಟ್ರಿಯ ಪಕ್ಕದ ರೈಟನ್ನಿನಲ್ಲಿ ಕಂಪೆನಿ ಹಳೆಯ ಕಾರುಗಳ ಮರುಜೋಡಣೆಗೆಂದೇ ಒಂದು ದೊಡ್ಡ ಕಾರ್ಯಾಗಾರ ತೆರೆಯಿತು. ಸಂಖ್ಯೆ ದಾಖಲೆಯಲ್ಲಿ ಉಳಿಯುತ್ತದೆ, ಹಣ ಕೊಟ್ಟರೆ ತಗಡೂ ಸಿಗುತ್ತದೆ. ಅಂಗೈಯಿಂದ ತಗಡಿನ ಉಬ್ಬು ಅಳೆಯುವವನು ನಿವೃತ್ತನಾಗುವ ಮೊದಲು ಅದನ್ನು ಇನ್ನೊಬ್ಬ ಹುಡುಗನಿಗೋ ಹುಡುಗಿಗೋ ಕಲಿಸಿರಬೇಕು. ಅಂಕಪಟ್ಟಿಯನ್ನಷ್ಟೇ ನೋಡುವ ನಾವು, ಮನೆಯಲ್ಲಿ ಸ್ಪ್ಯಾನರ್ ಹಿಡಿದು ಸೈಕಲ್ ಬಿಚ್ಚಿ ಕುಳಿತ ಮಗುವನ್ನು ಗದರಿಸುವ ಮೊದಲು ಇದನ್ನೊಮ್ಮೆ ನೆನೆಯಬೇಕು. ಬಿಚ್ಚಿದ್ದನ್ನು ಮತ್ತೆ ಜೋಡಿಸು ಎಂದು ಪಕ್ಕದಲ್ಲಿ ಕೂತರೆ ಇನ್ನೂ ಒಳ್ಳೆಯದು.