ರೀಬೂಟ್ ಆದ ಮೇಲೆ

ಏಪ್ರಿಲ್-ಮೇ ತಿಂಗಳ ಸಂಜೆ ಬೆಟ್ಟದ ಕಡೆಯಿಂದ ಮೋಡ ಕಟ್ಟಿ, ಎರಡು ಗುಡುಗು ಗುಡುಗಿ ಕುವೆಂಪುನಗರದಲ್ಲಿ ಕರೆಂಟು ಹೋದರೆ ನಮ್ಮ ಬೀದಿಯವರೆಲ್ಲ ಗೊಣಗುತ್ತಾರೆ. ನನಗೆ ಮಾತ್ರ ಒಳಗೊಳಗೇ ಖುಷಿ. ಹಾಲಿನ ಮೂಲೆಯಲ್ಲಿ, ಹೊಲಿಗೆ ಮಿಷನ್ನಿನ ಪಕ್ಕ, ನನ್ನದೊಂದು ಸರ್ವರ್ ಇದೆ. ಬೇಕೆಂದೇ ಅದಕ್ಕೆ ಯುಪಿಎಸ್ ಕೊಟ್ಟಿಲ್ಲ. ಕರೆಂಟು ಬಂದ ಕೂಡಲೇ ತಾನಾಗಿಯೇ ಎದ್ದೇಳುವಂತೆ ಬಯೋಸ್‌ನಲ್ಲಿ ಹೇಳಿಟ್ಟಿದ್ದೇನೆ. ಯಾರೂ ಮುಟ್ಟದೆ ಅದು ತನ್ನ ಡಿಸ್ಕುಗಳನ್ನೆಲ್ಲ ಜೋಡಿಸಿಕೊಂಡು, ವೆಬ್ ಪುಟವನ್ನು ಮೊದಲಿನ ಹಾಗೇ ಕೊಡುತ್ತದೆಯೋ ಇಲ್ಲವೋ ಎಂದು ಕಾಯುವ ಆ ಒಂದೆರಡು ನಿಮಿಷಗಳಿವೆಯಲ್ಲ, ಧಾರಾವಾಹಿ ನೋಡುವವರಿಗೆ ಅದರ ಸುಖ ಹೇಳಿ ತಿಳಿಸುವುದು ಕಷ್ಟ.

ಸರ್ವರ್ ಅನ್ನುವುದು ಸ್ವಲ್ಪ ದೊಡ್ಡ ಮಾತೇ. ಆಫೀಸಿನಲ್ಲಿ ಹಳೆಯದಾಯಿತೆಂದು ಅಗ್ಗಕ್ಕೆ ಮಾರಿದ ಡೆಸ್ಕ್‌ಟಾಪಿನ ಡಬ್ಬ ಅದು. ಮಾನಿಟರೂ ಇಲ್ಲ, ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮಾಡಿ ಒಳಹೊಕ್ಕರೆ ಕಪ್ಪು ಪರದೆ, ಮಿನುಗುವ ಒಂದು ಗೆರೆ, ಅಷ್ಟೇ. ಆದರೆ ಒಳಗೆ ಓಡುತ್ತಿರುವುದು ಬ್ಯಾಂಕು, ಷೇರುಪೇಟೆಗಳ ಯಂತ್ರಗಳಲ್ಲಿ ಓಡುವ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನ ತದ್ರೂಪು. ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೀ ಹವ್ಯಾಸ ಎಂದುಕೊಂಡೇ ಶುರುಮಾಡಿದ್ದನ್ನು ರೆಡ್ ಹ್ಯಾಟ್ ಕಂಪನಿ ದೊಡ್ಡ ಸಂಸ್ಥೆಗಳಿಗೆ ಒಪ್ಪುವಂತೆ ತಿದ್ದಿ ತೀಡಿ ಮಾರತೊಡಗಿತು. 2019ರಲ್ಲಿ ಐಬಿಎಂ ಆ ಕಂಪನಿಯನ್ನೇ 3,400 ಕೋಟಿ ಡಾಲರಿಗೆ ಕೊಂಡಿತು. ಮೂಲ ಸಂಕೇತ ಎಲ್ಲರಿಗೂ ಬಿಟ್ಟದ್ದರಿಂದ ಅದನ್ನೇ ಮತ್ತೆ ಕಟ್ಟಿ ಪುಕ್ಕಟೆ ಹಂಚುವವರೂ ಹುಟ್ಟಿಕೊಂಡರು. ಹಾಗೆ 2004ರಿಂದ ನಡೆದುಬಂದಿದ್ದ ಸೆಂಟ್‌ಓಎಸ್‌ನ ಎಂಟನೇ ಆವೃತ್ತಿಯನ್ನು 2021ಕ್ಕೇ ನಿಲ್ಲಿಸುತ್ತೇವೆಂದು ಅದರ ತಂಡ 2020ರ ಡಿಸೆಂಬರಿನಲ್ಲಿ ಹೇಳಿದಾಗ, ಅದನ್ನು ಮೊದಲು ಕಟ್ಟಿದವರಲ್ಲೊಬ್ಬರಾದ ಗ್ರೆಗರಿ ಕರ್ಟ್ಜರ್ ಹೊಸದೊಂದನ್ನು ಕಟ್ಟಲು ಹೊರಟು, ಅದಕ್ಕೆ ತೀರಿಹೋದ ತಮ್ಮ ಜೊತೆಗಾರ ರಾಕಿ ಮೆಕ್‌ಗಾ ಅವರ ಹೆಸರಿಟ್ಟರು. ನನ್ನ ಡಬ್ಬದಲ್ಲಿರುವುದು ಆ ರಾಕಿಯ ಒಂಬತ್ತನೇ ಆವೃತ್ತಿ. ಹತ್ತನೆಯದು ನನ್ನ ಹಳೇ ಪ್ರೊಸೆಸರನ್ನು ಮೂಸಿಯೂ ನೋಡುವುದಿಲ್ಲ. ಚಿಂತೆಯಿಲ್ಲ, ಒಂಬತ್ತಕ್ಕೆ 2032ರವರೆಗೆ ಆಯಸ್ಸಿದೆ. ಎಂಟರ್‌ಪ್ರೈಸ್ ಎಂಬುದರ ಸಾರವೇ ಇದು: ಹೊಸತಿಗೆ ಬಾಯಿ ಬಿಡದೆ ಹತ್ತು ವರ್ಷ ಒಂದೇ ಥರ ಇರುವುದು. ಫೋನಿನ ಆ್ಯಪುಗಳು ವಾರಕ್ಕೊಂದು ವೇಷ ಹಾಕುವ ಕಾಲದಲ್ಲಿ ಇಂಥದ್ದೊಂದು ಮನೆಯಲ್ಲಿದ್ದರೆ ಜೀವಕ್ಕೆ ನೆಮ್ಮದಿ.

ಮೈಸೂರಿನಲ್ಲಿ ಕಂಪ್ಯೂಟರ್ ಕಲಿಯುವುದು ಎಂದರೆ ಎಲ್ಲರ ಕಣ್ಣೂ ಹೆಬ್ಬಾಳದ ಇನ್ಫೋಸಿಸ್ ಕಡೆ ಹೊರಳುತ್ತದೆ. ದೇಶದ ಮೂಲೆಮೂಲೆಯಿಂದ ಬಂದ ಹುಡುಗರು ಕೊರಳಿಗೆ ಟ್ಯಾಗು ಹಾಕಿಕೊಂಡು ಅಲ್ಲಿ ಕಲಿಯುತ್ತಾರೆ. ನನ್ನ ಗುರುಕುಲ ಇನ್ನೂ ಹತ್ತಿರ. ಸರಸ್ವತೀಪುರಂನಲ್ಲಿರುವ ಅಕ್ಕನ ಮಗಳು ಬೆಂಗಳೂರಿನ ಕಂಪನಿಯೊಂದರ ಸರ್ವರ್‌ಗಳನ್ನು ಮನೆಯಲ್ಲೇ ಕೂತು ನೋಡಿಕೊಳ್ಳುತ್ತಾಳೆ. ನಾನು ಖಾಸಗಿ ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಅವಳು ರಾತ್ರಿ ಪಾಳಿಯಲ್ಲಿ ಏನು ಮಾಡುತ್ತಾಳೆ ಎಂಬ ಬರೀ ಕುತೂಹಲಕ್ಕೆ ಪಕ್ಕ ಕೂತು ನೋಡಿದ್ದೇ ಇದರ ಮೂಲ. ‘ಪುಸ್ತಕ ಆಮೇಲೆ ಓದು ಚಿಕ್ಕಮ್ಮ. ಮೊದಲು ಒಂದು ಮಿಷನ್ ಇಟ್ಕೊ, ಕೆಡಿಸು, ಸರಿ ಮಾಡು’ ಅಂದಳು. ಕೆಡಿಸುವ ಕೆಲಸವನ್ನೂ ಅವಳೇ ವಹಿಸಿಕೊಂಡಳು. ಭಾನುವಾರ ಊಟಕ್ಕೆ ಬಂದಾಗ ಸದ್ದಿಲ್ಲದೆ ಏನಾದರೊಂದು ಕಡ್ಡಿ ಆಡಿಸಿ, ಒಂದು ಚೀಟಿ ಬರೆದಿಟ್ಟು ಹೋಗುತ್ತಾಳೆ.

ಈ ವಿದ್ಯೆಯಲ್ಲಿ ನನ್ನನ್ನು ಹಿಡಿದು ಕೂರಿಸಿದ ಸಂಗತಿ ಒಂದೇ. ಇಲ್ಲಿ ಪ್ರತಿಯೊಂದಕ್ಕೂ ಎರಡು ಇರವು: ಈಗ ನಡೆಯುತ್ತಿರುವುದು ಒಂದು, ಬರೆದಿಟ್ಟಿರುವುದು ಇನ್ನೊಂದು. ವೆಬ್ ಸೇವೆಗೆ ‘ಸ್ಟಾರ್ಟ್’ ಎಂದರೆ ಈಗ ಓಡುತ್ತದೆ. ನಾಳೆ ಯಂತ್ರ ಆರಿ ಎದ್ದರೆ ಅದಕ್ಕೆ ನೆನಪಿರುವುದಿಲ್ಲ. ‘ಎನೇಬಲ್’ ಎಂದರೆ ನಾಳೆ ಎದ್ದಾಗ ಓಡುತ್ತದೆ, ಈಗ ಮಾತ್ರ ಸುಮ್ಮನೆ ಮಲಗಿರುತ್ತದೆ. ಎರಡೂ ಬೇಕೆಂದರೆ ಎರಡನ್ನೂ ಹೇಳಬೇಕು. ಫೈರ್‌ವಾಲ್ ಇನ್ನೂ ಕಟ್ಟುನಿಟ್ಟು. ಬಾಗಿಲು ತೆಗೆ ಎಂದರೆ ತೆಗೆದು, ಮುಂದಿನ ಸಲಕ್ಕೆ ಮರೆಯುತ್ತದೆ. ‘ಪರ್ಮನೆಂಟ್’ ಎಂದು ಸೇರಿಸಿದರೆ ಕಡತದಲ್ಲಿ ಗುರುತು ಹಾಕಿಕೊಂಡು, ರೀಲೋಡ್ ಮಾಡುವ ತನಕ ಕದ ಮುಚ್ಚಿಕೊಂಡೇ ಕೂತಿರುತ್ತದೆ. ಡಿಸ್ಕನ್ನು ‘ಮೌಂಟ್’ ಮಾಡುವುದು ಈ ಹೊತ್ತಿಗೆ. ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಬರೆಯುವುದು ಎಲ್ಲ ಹೊತ್ತಿಗೆ. ಮೊದಮೊದಲು ಇದೆಂಥ ತರಲೆ ಅನಿಸಿತ್ತು. ಒಮ್ಮೆ ರುಚಿ ಹತ್ತಿದ ಮೇಲೆ ಯಾವ ಹೊಸ ಆಜ್ಞೆ ಕಲಿತರೂ ಮೊದಲ ಪ್ರಶ್ನೆ ಅದೇ: ಇದು ಈಗಿಗೋ, ನಾಳೆಗೋ?

ಆ ಎಫ್‌ಎಸ್‌ಟ್ಯಾಬ್ ಕಡತವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಸಾಲಿಗೆ ಆರೇ ಮನೆ. ಯಾವ ಡಿಸ್ಕು, ಎಲ್ಲಿ ಕೂರಿಸಬೇಕು, ಯಾವ ಬಗೆಯದು, ಏನೇನು ಷರತ್ತು, ಕೊನೆಗೆ ಎರಡು ಅಂಕಿ, ನನ್ನ ಡಬ್ಬದಲ್ಲಿ ಎರಡೂ ಸೊನ್ನೆ. ಮೊದಲ ಮನೆಯಲ್ಲಿ ಡಿಸ್ಕಿನ ಸಾಧಾರಣ ಹೆಸರು ಬರೆದರೆ ನಾಳೆ ಇನ್ನೊಂದು ಡಿಸ್ಕು ಸಿಕ್ಕಿಸಿದಾಗ ಹೆಸರುಗಳು ಅದಲುಬದಲಾದಾವು. ಅದಕ್ಕೇ ಯುಯುಐಡಿ ಎಂಬ ಮಾರುದ್ದದ ಗುರುತು. ಇಷ್ಟರಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಯಂತ್ರ ಪೂರ್ತಿ ಏಳದೆ ಎಮರ್ಜೆನ್ಸಿ ಮೋಡಿನಲ್ಲಿ ನಿಂತು ರೂಟ್ ಎಂಬ ಯಜಮಾನನ ಪಾಸ್‌ವರ್ಡ್ ಕೇಳುತ್ತದೆ. ಆದ್ದರಿಂದ ಬರೆದ ಮೇಲೆ ‘ಮೌಂಟ್ ಮೈನಸ್ ಎ’ ಎಂದು ಹೊಡೆದು, ಅದು ಏನೂ ಹೇಳದಿದ್ದರೆ ನಿಟ್ಟುಸಿರು ಬಿಡುವುದು ರೂಢಿ. ಈ ಲೋಕದಲ್ಲಿ ಕೆಲಸ ಸರಿಯಾದರೆ ಯಂತ್ರ ಶಹಬ್ಬಾಸ್ ಅನ್ನುವುದಿಲ್ಲ. ತಕರಾರಿದ್ದರೆ ಮಾತ್ರ ಮಾತು. ಇದು ನನಗೆ ತುಂಬ ಹಿಡಿಸಿದ ಗುಣ.

ಎಲ್‌ವಿಎಂ ಎಂಬುದು ಅವಿಭಕ್ತ ಕುಟುಂಬದ ಆಸ್ತಿಯ ವ್ಯವಹಾರ. ಎರಡು ಮೂರು ಡಿಸ್ಕುಗಳನ್ನು ಒಂದೇ ಗುಂಪಿಗೆ ಸೇರಿಸಿ, ಅದರಿಂದ ಯಾರಿಗೆಷ್ಟು ಬೇಕೋ ಅಷ್ಟು ಪಾಲು ಹಾಕಿಕೊಡುವುದು. ಒಬ್ಬರ ಪಾಲು ಸಾಲದೇ ಹೋದರೆ ಗುಂಪಿನಲ್ಲಿ ಉಳಿದದ್ದರಿಂದ ಹಿಗ್ಗಿಸಬಹುದು, ಅದೂ ಯಂತ್ರ ಓಡುತ್ತಿರುವಾಗಲೇ. ಆದರೆ ಆ ಪಾಲಿನ ಮೇಲೆ ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಹಾಕಿದ್ದರೆ (ರೆಡ್ ಹ್ಯಾಟ್ ತಾನಾಗಿ ಹಾಕುವುದು ಅದನ್ನೇ) ಹಿಗ್ಗಿಸಿದ್ದನ್ನು ಕುಗ್ಗಿಸಲಾಗದು. ಕೊಟ್ಟದ್ದು ಕೊಟ್ಟ ಹಾಗೇ. ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಹಿರಿಯರಿಗೆ ಈ ಸೂಕ್ಷ್ಮ ತಡವಾಗಿ ಅರ್ಥವಾಯಿತು!

ಚೀಟಿಗಳ ಕಥೆಗೆ ಬರುತ್ತೇನೆ. ಒಂದು ಭಾನುವಾರ ಅವಳು ಬರೆದಿಟ್ಟದ್ದು: ‘ವೆಬ್ ಪುಟ ಬರ್ತಿಲ್ಲ. ಎಸ್‌ಇ ಲಿನಕ್ಸ್ ಆಫ್ ಮಾಡಿದ್ರೆ ಮಾತು ಬಿಡ್ತೀನಿ.’ ಬ್ರೌಸರಿನಲ್ಲಿ ನೋಡಿದರೆ ‘ಫರ್ಬಿಡನ್’, 403. ಅಂದರೆ ಯಾರೋ ಉತ್ತರವನ್ನಂತೂ ಕೊಡುತ್ತಿದ್ದಾರೆ. ಫೈರ್‌ವಾಲಿನ ತಪ್ಪಲ್ಲ, ಸೇವೆಯೂ ಓಡುತ್ತಿದೆ. ಕಡತದ ಅನುಮತಿ ನೋಡಿದೆ, ಎಲ್ಲರೂ ಓದಬಹುದು ಎಂದಿದೆ. ಮೇಲಿನ ಫೋಲ್ಡರುಗಳನ್ನೂ ನೋಡಿದೆ, ಸರಿ. ಆಮೇಲೆ ‘ಎಲ್‌ಎಸ್’ಗೆ ದೊಡ್ಡ ‘ಝಡ್’ ಸೇರಿಸಿ ಹೊಡೆದಾಗ ಕಳ್ಳ ಸಿಕ್ಕಿಬಿದ್ದ. ವೆಬ್ ಫೋಲ್ಡರಿನಲ್ಲಿ ಕೂತ ಕಡತದ ಹಣೆಯ ಮೇಲೆ ಬಳಕೆದಾರರ ಮನೆಯದೆಂಬ ಎಸ್‌ಇ ಲಿನಕ್ಸ್‌ನ ಚೀಟಿ ಅಂಟಿದೆ! ಅವಳು ಅದನ್ನು ಹೋಮ್ ಫೋಲ್ಡರಿನಲ್ಲಿ ಬರೆದು, ‘ಎಂವಿ’ ಮಾಡಿ ಇಲ್ಲಿಗೆ ತಂದಿದ್ದಳು. ನಕಲು ಮಾಡಿದ್ದರೆ ಹೊಸ ಜಾಗದ ಚೀಟಿ ಬರುತ್ತಿತ್ತು. ಎತ್ತಿ ತಂದದ್ದರಿಂದ ಹಳೇ ಚೀಟಿ ಹಾಗೇ ಉಳಿದಿತ್ತು. ವೆಬ್ ಸೇವೆಗೆ ಆ ಚೀಟಿಯ ಕಡತ ಓದುವ ಹಕ್ಕಿಲ್ಲ. ಆಡಿಟ್ ಲಾಗಿನಲ್ಲಿ ‘ಡಿನೈಡ್’ ಎಂದು ಯಾರು, ಯಾವ ಕಡತಕ್ಕೆ ಕೈ ಹಾಕಿದರು, ಎಲ್ಲ ನಮೂದಾಗಿತ್ತು. ‘ರಿಸ್ಟೋರ್‌ಕಾನ್’ ಎಂದು ಒಂದು ಸಾಲು ಹೊಡೆದೆ. ಪುಟ ಬಂತು.

ಈ ಎಸ್‌ಇ ಲಿನಕ್ಸನ್ನು ಬರೆದು 2000ದಲ್ಲಿ ಮೂಲ ಸಂಕೇತ ಸಮೇತ ಹಂಚಿದ್ದು ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎ. ಅವರಿವರ ಗುಟ್ಟು ಕದ್ದು ಕೇಳುವವರೇ ಇಷ್ಟು ಬಿಗಿಯಾದ ಬೀಗ ಮಾಡಿ ಹಂಚಿದರಲ್ಲ ಎಂದು ನಗು ಬರುತ್ತದೆ. ಅಂತರ್ಜಾಲದಲ್ಲಿ ಯಾರನ್ನು ಕೇಳಿದರೂ ಮೊದಲು ಸಿಗುವ ಸಲಹೆ, ಅದನ್ನು ಆಫ್ ಮಾಡಿ ಎಂಬುದು. ನನಗದು ಶುದ್ಧ ಸೋಮಾರಿತನ ಅನಿಸುತ್ತದೆ. ಇಲ್ಲೂ ಅದೇ ಎರಡರ ಆಟ ಇದೆ ನೋಡಿ. ‘ಸಿಎಚ್‌ಕಾನ್’ ಎಂದು ಕಡತದ ಚೀಟಿ ಬದಲಿಸಿದರೆ ರೀಬೂಟನ್ನೂ ದಾಟಿ ಉಳಿಯುತ್ತದೆ, ಆದರೆ ಯಾರಾದರೂ ಇಡೀ ಯಂತ್ರಕ್ಕೆ ಚೀಟಿ ಅಂಟಿಸುವ ಕೆಲಸ ಹೊಸದಾಗಿ ಮಾಡಿಸಿದ ದಿನ ಅಳಿಸಿಹೋಗುತ್ತದೆ. ‘ಸೆಮ್ಯಾನೇಜ್’ನಲ್ಲಿ ನಿಯಮವನ್ನೇ ಬರೆದರೆ ಆ ಭಯವಿಲ್ಲ.

ಈ ಕಡತಗಳನ್ನೆಲ್ಲ ತಿದ್ದುವ ವಿಐ ಎಡಿಟರ್ ಬಗ್ಗೆ ಎಲ್ಲರೂ ತಮಾಷೆ ಮಾಡುತ್ತಾರೆ, ಒಳಹೋದವರಿಗೆ ಹೊರಬರಲು ಗೊತ್ತಾಗುವುದಿಲ್ಲವೆಂದು. ನನಗೆ ಅದಕ್ಕಿಂತ ಸೋಜಿಗದ್ದು ಎಚ್, ಜೆ, ಕೆ, ಎಲ್ ಕೀಲಿಗಳಿಂದ ಓಡಾಡುವುದು. ಬಿಲ್ ಜಾಯ್ ಅದನ್ನು ಬರೆದ 1970ರ ದಶಕದಲ್ಲಿ ಅವರ ಟರ್ಮಿನಲ್ಲಿನ ಆ ನಾಲ್ಕು ಕೀಲಿಗಳ ಮೇಲೇ ಬಾಣದ ಗುರುತುಗಳಿದ್ದವಂತೆ. ಆ ಟರ್ಮಿನಲ್ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಕುವೆಂಪುನಗರದಲ್ಲಿ ನನ್ನ ಬೆರಳು ಇನ್ನೂ ಅದರ ಮೇಲೇ ಆಡುತ್ತಿದೆ.

‘ಅಪ್‌ಟೈಮ್’ ಎಂಬ ಆಜ್ಞೆ ಯಂತ್ರ ಎಷ್ಟು ದಿನದಿಂದ ಆರದೆ ನಿಂತಿದೆ ಎಂದು ತೋರಿಸುತ್ತದೆ. ವರ್ಷಗಟ್ಟಲೆ ಆರಿಲ್ಲ ಎಂದು ಜಂಬ ಕೊಚ್ಚಿಕೊಳ್ಳುವ ಅಡ್ಮಿನ್‌ಗಳಿದ್ದಾರೆ. ನನಗದು ಸಾಧನೆ ಅನಿಸುವುದಿಲ್ಲ, ದಿಗಿಲಾಗುತ್ತದೆ. ಆ ಯಂತ್ರದಲ್ಲಿ ಯಾರು ಯಾವಾಗ ಏನನ್ನು ‘ಈಗಿಗೆ’ ಮಾತ್ರ ಮಾಡಿ ಬಿಟ್ಟುಹೋಗಿದ್ದಾರೋ ಯಾರಿಗೆ ಗೊತ್ತು? ಆರಿಸಿ ಎಬ್ಬಿಸಿದ ದಿನವೇ ನಿಜ ಹೊರಬೀಳುವುದು. ರೆಡ್ ಹ್ಯಾಟ್‌ನ ಮೊದಲ ಹಂತದ ಪರೀಕ್ಷೆಯೂ ಹೀಗೇ. ಬಾಯಿಪಾಠದ ಪ್ರಶ್ನೆ ಒಂದೂ ಇಲ್ಲ. ಯಂತ್ರ ಕೊಟ್ಟು ಕೆಲಸ ಹೇಳುತ್ತಾರೆ, 300ಕ್ಕೆ 210 ಬಂದರೆ ಪಾಸು. ಅಂತರ್ಜಾಲ ಇಲ್ಲ, ಯಂತ್ರದೊಳಗಿನ ಮ್ಯಾನ್ ಪುಟಗಳೇ ಗತಿ. ಮಾಡಿದ ಕೆಲಸ ರೀಬೂಟ್ ಆದ ಮೇಲೂ ನಿಂತಿದ್ದರೆ ಮಾತ್ರ ಅಂಕ. ಯಾವ ಬೋರ್ಡ್ ಪರೀಕ್ಷೆಯೂ ಇಷ್ಟು ಪ್ರಾಮಾಣಿಕವಾಗಿದ್ದ ನೆನಪಿಲ್ಲ ನನಗೆ.

ಕನ್ನಡದ ಮಾತೂ ಬರಬೇಕಲ್ಲ. ಅನುಸ್ಥಾಪನೆಯ ಮೊದಲ ಪರದೆಯ ಭಾಷಾಪಟ್ಟಿಯಲ್ಲಿ ‘ಕನ್ನಡ’ ಇದೆ, ರೆಡ್ ಹ್ಯಾಟ್ ಹೊರತಂದ ಲೋಹಿತ್ ಫಾಂಟೂ ಇದೆ. ಯಂತ್ರದ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ ‘ಡೇಟ್’ ಎಂದು ಹೊಡೆದರೆ ವಾರ, ತಿಂಗಳು ಕನ್ನಡದಲ್ಲೇ ಬರುತ್ತವೆ. ಆದರೆ ಮಾನಿಟರ್ ಸಿಕ್ಕಿಸಿ ಬರೀ ಕನ್ಸೋಲಿನಲ್ಲಿ ನೋಡಿದರೆ ಅಕ್ಷರಗಳ ಜಾಗದಲ್ಲಿ ಚೌಕಗಳ ಮೆರವಣಿಗೆ. ಲ್ಯಾಪ್‌ಟಾಪಿನ ಟರ್ಮಿನಲ್ಲಿನಲ್ಲಿ ಅಷ್ಟು ಕೆಟ್ಟದ್ದಲ್ಲ. ಒತ್ತಕ್ಷರಗಳು ಮಾತ್ರ ಮುನಿಸಿಕೊಂಡು ದೂರ ದೂರ ನಿಲ್ಲುತ್ತವೆ. ನಾನು ನನ್ನ ಟಿಪ್ಪಣಿಗಳನ್ನೆಲ್ಲ ಅಲ್ಲೇ, ಕನ್ನಡದಲ್ಲೇ ಬರೆದಿಡುತ್ತೇನೆ. ಅಳತೆಗೆ ಸಿಗದ ಅಕ್ಷರ ಕಂಡು ಕರ್ಸರ್ ತಬ್ಬಿಬ್ಬಾದರೆ ಆಗಲಿ.

‘ಇದರಿಂದ ನಿಂಗೇನು ಲಾಭ?’ ಎಂದು ಅಕ್ಕ ಕೇಳುತ್ತಿರುತ್ತಾಳೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಸಣ್ಣದೊಂದು ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರುಮಾಡಿದಾಗಲೂ ಯಾರಾದರೂ ಇದೇ ಪ್ರಶ್ನೆ ಕೇಳಿರಲೇಬೇಕು ಎಂದೆ. ‘ಅವರ ರೇಡಿಯೋ ಊರಿಗೆಲ್ಲ ಕೇಳಿಸ್ತು. ನಿನ್ನ ಡಬ್ಬದಿಂದ ಕೇಳೋದು ಫ್ಯಾನಿನ ಸದ್ದು’ ಅಂದಳು. ಮಾತು ನಿಜವೇ. ಅವಳ ಮಗಳಿಗೆ ಬೇರೆ ಚಿಂತೆ: ‘ಪರೀಕ್ಷೆ ಕಟ್ಟು ಚಿಕ್ಕಮ್ಮ, ಸರ್ಟಿಫಿಕೇಟ್ ಬರತ್ತೆ.’ ಕಟ್ಟಬಹುದು. ಅವಸರವಿಲ್ಲ.

ಸದ್ಯಕ್ಕೆ ತಲೆ ತಿನ್ನುತ್ತಿರುವುದು ಈ ವಾರದ ಚೀಟಿ: ‘ಎನ್‌ಎಫ್‌ಎಸ್ ಫೋಲ್ಡರ್ ಮೌಂಟ್ ಆಗ್ತಿದೆ, ಓದಬಹುದು, ಬರೆಯೋಕೆ ಬಿಡ್ತಿಲ್ಲ. ರೂಟ್ ಆದ್ರೂ ಬಿಡ್ತಿಲ್ಲ.’ ಎನ್‌ಎಫ್‌ಎಸ್ ಎಂದರೆ ಒಂದು ಯಂತ್ರದ ಫೋಲ್ಡರನ್ನು ಜಾಲದ ಮೂಲಕ ಇನ್ನೊಂದಕ್ಕೆ ಹಂಚುವುದು. ಹಂಚುವ ಕಡೆ ಓದಲು ಮಾತ್ರ ಎಂದು ಬರೆದಿರಬಹುದು ಎಂದುಕೊಂಡು ನೋಡಿದರೆ ಹಾಗಿಲ್ಲ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಸುತ್ತುವಾಗ ಹೊಳೆಯಿತು: ದೂರದ ಯಂತ್ರದ ರೂಟನ್ನು ಎನ್‌ಎಫ್‌ಎಸ್ ತನ್ನ ಬಳಿ ರೂಟ್ ಎಂದು ಒಪ್ಪುವುದೇ ಇಲ್ಲ, ಯಾರೋ ಅನಾಮಿಕ ಎಂದು ಇಳಿಸಿಬಿಡುತ್ತದೆ. ಹಾಗಿದ್ದರೆ ಫೋಲ್ಡರಿನ ಒಡೆತನ ನೋಡಬೇಕು, ಎರಡೂ ಕಡೆ ಬಳಕೆದಾರರ ಸಂಖ್ಯೆ ಒಂದೇ ಇದೆಯೋ ಅದನ್ನೂ ನೋಡಬೇಕು. ಆಫೀಸು ಬಿಟ್ಟು ಬಂದು ಕಾಫಿಗಿಟ್ಟ ಮೇಲೆ ಮೊದಲ ಕೆಲಸ ಅದೇ.