ಚೊಂಬಿನ ಬಾಯಿ

ಡ್ರಾಯಿಂಗ್ ಪಿರಿಯಡ್ ಅಂದ್ರೆ ಗಣಿತದ ಮೇಷ್ಟ್ರು ಪೋರ್ಷನ್ ಮುಗಿಸೋ ಪಿರಿಯಡ್ ಅನ್ನೋದು ನಮ್ಮ ಎಷ್ಟೋ ಶಾಲೆಗಳ ಅಲಿಖಿತ ನಿಯಮ. ಅಲ್ಲಿ ಏನು ತಪ್ಪಿಹೋಗುತ್ತೆ ಗೊತ್ತಾ? ಮೇಜಿನ ಮೇಲೊಂದು ತಾಮ್ರದ ಚೊಂಬಿಟ್ಟು ‘ಬರೀರಿ’ ಅಂದು ನೋಡಿ. ಮಕ್ಕಳು ಬಾಯಿಯನ್ನು ಪೂರ್ತಿ ದುಂಡಗೆ ಬರೀತಾರೆ, ತಳಕ್ಕೆ ಸ್ಕೇಲಿಟ್ಟು ನೆಟ್ಟಗೆ ಗೆರೆ ಎಳೀತಾರೆ. ಬಾಯಿ ದುಂಡಗಿದೆ ಅಂತ ತಲೆಗೆ ಗೊತ್ತು. ಕೂತ ಜಾಗದಿಂದ ಕಣ್ಣಿಗೆ ಕಾಣೋದು ಮಾತ್ರ ಚಪ್ಪಟೆ ಅಂಡಾಕಾರ. ತಳದ ಅಂಚೂ ಬಾಗಿರುತ್ತೆ. ಮುಂದಿನ ಬೆಂಚಿನವಳಿಗೆ ಒಂಥರಾ, ಹಿಂದೆ ನಿಂತವನಿಗೆ ಇನ್ನೊಂಥರಾ. ಗೊತ್ತಿರೋದನ್ನ ಬದಿಗಿಟ್ಟು ಕಂಡಿದ್ದನ್ನ ಬರೆಯೋಕೆ (ದೊಡ್ಡವರಿಗೂ ಕಷ್ಟವೇ ಬಿಡಿ) ಕೈಗಿಂತ ಕಣ್ಣಿಗೆ ಹೆಚ್ಚು ಅಭ್ಯಾಸ ಬೇಕು. ಮನೇಲಿ ಮಕ್ಕಳಿದ್ದರೆ ಸಂಜೆ ಒಂದು ಚೊಂಬನ್ನ ಎದುರಿಗಿಟ್ಟು ಪೆನ್ಸಿಲ್ ಕೊಡಿ. ಸ್ಕೇಲು, ರಬ್ಬರ್ ಮಾತ್ರ ಕೊಡಬೇಡಿ.