ನಾಲ್ಕು ದನಿಯ ಪೆಟ್ಟಿಗೆ

ಕ್ಯೋಟೋದಿಂದ ನಾರಾ ಕಡೆಗೆ ಹೋಗುವ ಕಿಂಟೆತ್ಸು ರೈಲು ಹಿಡಿದರೆ ಅರ್ಧ ಗಂಟೆಯೊಳಗೆ ಒಗುರಾ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಉಜಿ ಪಟ್ಟಣಕ್ಕೆ ಸೇರಿದ ಊರು. ಉಜಿ ಎಂದರೆ ಜಪಾನೀಯರಿಗೆ ಹಸಿರು ಚಹಾ ನೆನಪಾಗುತ್ತದೆ, ಹತ್ತು ಯೆನ್ ನಾಣ್ಯದ ಮೇಲಿರುವ ಬ್ಯೋದೋ-ಇನ್ ದೇಗುಲ ನೆನಪಾಗುತ್ತದೆ. ಒಗುರಾಕ್ಕೆ ಅಂಥ ಕೀರ್ತಿ ಇರಲಿಲ್ಲ. ಇಲ್ಲೊಂದು ವಿಶಾಲವಾದ ಕೆರೆ ಇತ್ತು. ಅದರ ನೀರನ್ನು 1933ರಿಂದ 1941ರವರೆಗೆ ಬಸಿದು ಗದ್ದೆ ಮಾಡಿದರು. ಆಮೇಲೆ ಮನೆಗಳು ಬಂದವು, 1969ರಲ್ಲಿ ನಿಂಟೆಂಡೊ ಕಂಪನಿಯ ಕಾರ್ಖಾನೆಯೂ ಬಂತು. ಅದೇ ಕಾರ್ಖಾನೆ 2024ರ ಅಕ್ಟೋಬರ್ 2ರಂದು ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು.

ಒಳಗೆ ಹೋಗುವುದು ಅಷ್ಟು ಸುಲಭವಲ್ಲ. ಟಿಕೆಟ್ಟಿಗೆ ತಿಂಗಳುಗಟ್ಟಲೆ ಮೊದಲೇ ಹೆಸರು ಕೊಟ್ಟು ಲಾಟರಿಯಲ್ಲಿ ಅದೃಷ್ಟ ನೋಡಬೇಕು. ಒಸಾಕಾದಲ್ಲಿ ನೌಕರಿಯಲ್ಲಿರುವ ಮಗಳು ಹೇಗೋ ಎರಡು ಟಿಕೆಟ್ ಗಿಟ್ಟಿಸಿದ್ದಳು. ಅಲ್ಲಿ ಬಂದವರೆಲ್ಲ ಆಟ ಆಡುವ ಸಂಭ್ರಮದಲ್ಲಿದ್ದರೆ ನಾನು ಹುಡುಕುತ್ತಿದ್ದದ್ದು ಗಾಜಿನ ಹಿಂದಿನ ಒಂದು ಬೂದು ಬಣ್ಣದ ಪೆಟ್ಟಿಗೆಯನ್ನು. 1989ರ ಏಪ್ರಿಲ್ 21ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಗೇಮ್ ಬಾಯ್. ಅಂದಿನ ಬೆಲೆ 12,500 ಯೆನ್.

"ಅಪ್ಪ, ನೀವು ಬೋರ್ಡಿನ ಮೇಲೆ ಬರೀತಿದ್ರಲ್ಲ ಚೌಕದ ಅಲೆ, ಅದು ಇದರೊಳಗಿದೆ" ಎಂದಳು ಮಗಳು. ನಾನು ಬಂದದ್ದೂ ಅದಕ್ಕೇ. ಈ ಹಳೆಯ ಆಟಿಕೆಯಲ್ಲಿ ಸಂಗೀತ ರಚಿಸಿ ಕಛೇರಿ ಮಾಡುವವರು ಜಗತ್ತಿನ ಹಲವು ನಗರಗಳಲ್ಲಿದ್ದಾರೆ. ಅದಕ್ಕೆ ಚಿಪ್‌ಟ್ಯೂನ್ ಎಂದು ಹೆಸರು.

ಈ ಪೆಟ್ಟಿಗೆಯ ಹಿಂದಿನ ಮನುಷ್ಯನ ಕತೆ ಸ್ವಾರಸ್ಯವಾಗಿದೆ. ನಿಂಟೆಂಡೊ ಹುಟ್ಟಿದ್ದು 1889ರಲ್ಲಿ, ಕ್ಯೋಟೋದಲ್ಲಿ, ಹನಾಫುಡಾ ಎಂಬ ಹೂವಿನ ಚಿತ್ರದ ಎಲೆಗಳನ್ನು ತಯಾರಿಸುವ ಅಂಗಡಿಯಾಗಿ. ತಿಂಗಳಿಗೆ ನಾಲ್ಕರಂತೆ ಹನ್ನೆರಡು ತಿಂಗಳಿಗೆ 48 ಎಲೆ. ಕಂಪನಿಯ ಹಳೆಯ ಕಚೇರಿ ಕಾಮೊ ನದಿಯ ಸಮೀಪದ ಓಣಿಯಲ್ಲಿ ಇಂದಿಗೂ ಇದೆ. 2022ರಿಂದ ಅದು ಹೋಟೆಲು. 1965ರಲ್ಲಿ ಗುನ್‌ಪೆ ಯೊಕೊಯಿ ಎಂಬ ಎಲೆಕ್ಟ್ರಾನಿಕ್ಸ್ ಪದವೀಧರ ಈ ಕಂಪನಿಗೆ ಸೇರಿದ್ದು ಎಲೆ ತಯಾರಿಸುವ ಯಂತ್ರಗಳನ್ನು ನೋಡಿಕೊಳ್ಳಲು. ಬಿಡುವಿನಲ್ಲಿ ಮಾಡಿಕೊಂಡಿದ್ದ ಚಾಚುಗೈಯ ಆಟಿಕೆಯೊಂದು ಯಜಮಾನರ ಕಣ್ಣಿಗೆ ಬಿದ್ದು, ಆತ ಆಟಿಕೆಗಳ ವಿಭಾಗಕ್ಕೆ ಬಂದ. ಅವನ ಸೂತ್ರ ಒಂದೇ: ಹೊಸದರ ಹಿಂದೆ ಓಡಬೇಡ. ಹಳತಾಗಿ, ಅಗ್ಗವಾಗಿ, ಗುಣದೋಷಗಳೆಲ್ಲ ತಿಳಿದುಹೋಗಿರುವ ತಂತ್ರಜ್ಞಾನವನ್ನು ಹೊಸ ಕೆಲಸಕ್ಕೆ ಹಚ್ಚು. ಇಂಥ ತಂತ್ರಜ್ಞಾನವನ್ನು ಆತ 'ಒಣಗಿದ್ದು' ಎಂದು ಕರೆಯುತ್ತಿದ್ದ. ಎದುರಾಳಿ ಕಂಪನಿಗಳ ಬಣ್ಣದ ಯಂತ್ರಗಳು ಆರು ಸೆಲ್ ನುಂಗಿ ಕೆಲವೇ ಗಂಟೆಗಳಲ್ಲಿ ಮಲಗುತ್ತಿದ್ದಾಗ, ಹಸಿರು ಮಬ್ಬಿನ ಪರದೆಯ ಗೇಮ್ ಬಾಯ್ ನಾಲ್ಕು ಸೆಲ್ಲಿನಲ್ಲಿ ಹತ್ತು ಗಂಟೆಗೂ ಮೀರಿ ಓಡಿತು. ಮುಂದೆ ಬಂದ ಬಣ್ಣದ ಮಾದರಿಯೂ ಸೇರಿ ಮಾರಾಟವಾದದ್ದು 11 ಕೋಟಿ 86 ಲಕ್ಷಕ್ಕೂ ಹೆಚ್ಚು. ಯೊಕೊಯಿ 1997ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ.

ಇನ್ನು ಸದ್ದಿನ ವಿಷಯ. ಇಲ್ಲಿ ಮೇಷ್ಟರ ಚಾಳಿ ತುಸು ಹೆಚ್ಚಾದರೆ ಓದುಗರು ಸಹಿಸಿಕೊಳ್ಳಬೇಕು. ಈ ಪೆಟ್ಟಿಗೆಗೆ ಇರುವುದು ನಾಲ್ಕೇ ದನಿ. ಎರಡು ದನಿಗಳು ಚೌಕದ ಅಲೆಗಳು: ವಿದ್ಯುತ್ತು ಒಮ್ಮೆ ಮೇಲೆ, ಒಮ್ಮೆ ಕೆಳಗೆ, ನಡುವೆ ಏನೂ ಇಲ್ಲ. ಮೇಲೆ ಅರ್ಧ ಹೊತ್ತು, ಕೆಳಗೆ ಅರ್ಧ ಹೊತ್ತು ಇದ್ದರೆ ಕ್ಲಾರಿಯೊನೆಟ್ಟಿನಂಥ ಟೊಳ್ಳು ದನಿ. ಮೇಲಿರುವ ಹೊತ್ತನ್ನು ಕಾಲು ಭಾಗಕ್ಕೆ ಇಳಿಸಿದರೆ ದನಿ ತೆಳುವಾಗುತ್ತದೆ. ಎಂಟನೆಯ ಒಂದು ಭಾಗಕ್ಕೆ ಇಳಿಸಿದರೆ ಮೂಗಿನಿಂದ ಹಾಡಿದಂತೆ. ಮೂರನೆಯ ದನಿಯನ್ನು ನಾವೇ ಬರೆದುಕೊಳ್ಳಬಹುದು. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ 32 ಮನೆ, ಎತ್ತರಕ್ಕೆ 16 ಮನೆ. ಅದರೊಳಗೆ ಯಾವ ಆಕಾರ ಎಳೆದರೆ ಆ ನಾದ. ನಾಲ್ಕನೆಯದು ಬರೀ ಗದ್ದಲ, ಮೊರದಲ್ಲಿ ಅಕ್ಕಿ ಕೇರಿದ ಹಾಗೆ. ತಾಳವಾದ್ಯಗಳೆಲ್ಲ ಅದರಿಂದಲೇ ಹುಟ್ಟಬೇಕು.

ಮೂರು ಸ್ವರಗಳನ್ನು ಒಟ್ಟಿಗೆ ನುಡಿಸಲು ದನಿಗಳನ್ನೆಲ್ಲ ಖರ್ಚು ಮಾಡುವ ಹಾಗಿಲ್ಲ. ಅದಕ್ಕೆ ಒಂದು ಉಪಾಯವಿದೆ. ಒಂದೇ ದನಿಯಲ್ಲಿ ಸ-ಗ-ಪ ಸ್ವರಗಳನ್ನು ಸೆಕೆಂಡಿಗೆ ಅರವತ್ತು ಸಲದಂತೆ ಒಂದಾದ ಮೇಲೊಂದು ಓಡಿಸುವುದು. ಸಿನಿಮಾದ ಬಿಡಿ ಚಿತ್ರಗಳು ಕಣ್ಣಿಗೆ ಸೇರಿಕೊಂಡಂತೆ ಕಿವಿಗೆ ಇವು ಸೇರಿಕೊಂಡು, ಮಿನುಗುವ ಒಂದು ನಾದವಾಗಿ ಕೇಳಿಸುತ್ತವೆ.

ನನ್ನನ್ನು ಹೆಚ್ಚು ಸೆಳೆದದ್ದು ಶ್ರುತಿಯ ಲೆಕ್ಕ. ಚೌಕದ ಅಲೆಯ ಕಂಪನಾಂಕ ಬೇಕಾದರೆ 1,31,072ನ್ನು ಒಂದು ಪೂರ್ಣಾಂಕದಿಂದ ಭಾಗಿಸಬೇಕು; ಯಂತ್ರಕ್ಕೆ ಗೊತ್ತಿರುವುದು ಅಷ್ಟೇ. 440 ಹರ್ಟ್ಸ್ ಬೇಕೇ? 298ರಿಂದ ಭಾಗಿಸಿ, 439.8 ಸಿಗುತ್ತದೆ, ಯಾವ ವಿದ್ವಾಂಸರೂ ತಪ್ಪು ಹಿಡಿಯಲಾರರು. ಅದೇ ಸ್ವರವನ್ನು ಮೂರು ಸ್ಥಾಯಿ ಮೇಲಕ್ಕೆ ಒಯ್ಯಿರಿ. ಬೇಕಾದದ್ದು 3,520. ಅತಿ ಹತ್ತಿರದ ಪೂರ್ಣಾಂಕ 37. ಅದು ಕೊಡುವುದು ಸುಮಾರು 3,542. ಮೇಲೆ ಹೋದಷ್ಟೂ ಮೆಟ್ಟಿಲುಗಳು ದೂರವಾಗುತ್ತವೆ, ಶ್ರುತಿ ಜಾರುತ್ತದೆ. ಇದನ್ನು ಬಲ್ಲವರು ತಾರಸ್ಥಾಯಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಮ್ಮ ಹಾರ್ಮೋನಿಯಂನವರೂ ಪೆಟ್ಟಿಗೆಯ ಮಿತಿಯನ್ನು ಅರಿತೇ ಬೆರಳಾಡಿಸುತ್ತಾರಲ್ಲವೇ?

ಗೇಮ್ ಬಾಯ್‌ನ ಟೆಟ್ರಿಸ್ ಆಟಕ್ಕೆ ಸಂಗೀತ ಹೊಂದಿಸಿದ ಹಿರೊಕಾಜು ತನಾಕಾ ನಿಂಟೆಂಡೊದವರೇ. ರಷ್ಯದ ಜನಪದ ಗೀತೆಯೊಂದನ್ನೂ ಬಾಖ್‌ನ ರಚನೆಯೊಂದನ್ನೂ ಅವರು ಈ ನಾಲ್ಕು ದನಿಗಳೊಳಗೆ ಕೂರಿಸಿದರು. ಆದರೆ ಇದನ್ನು ಪೂರ್ಣಪ್ರಮಾಣದ ವಾದ್ಯವಾಗಿಸಿದವರು ಹೊರಗಿನವರು. 1998ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಲಾ ವಿದ್ಯಾರ್ಥಿಯಾಗಿದ್ದ ಒಲಿವರ್ ವಿಟ್ಚೊ 'ನ್ಯಾನೊಲೂಪ್' ಎಂಬ ಪ್ರೋಗ್ರಾಮನ್ನು ಬರೆದ. 2000ದಲ್ಲಿ ಸ್ಟಾಕ್‌ಹೋಮ್‌ನ ಯೋಹಾನ್ ಕೊಟ್ಲಿನ್ಸ್ಕಿ 'ಲಿಟ್ಲ್ ಸೌಂಡ್ ಡಿಜೆ' ತಂದ. ಆಟದ ಕ್ಯಾಸೆಟ್ಟಿನ ಜಾಗದಲ್ಲಿ ಇದನ್ನು ಸಿಕ್ಕಿಸಿದರೆ, ಅಂಗೈಯಗಲದ ಯಂತ್ರದಲ್ಲಿ ಗುಂಡಿ ಒತ್ತೊತ್ತಿ ಸ್ವರ ಬರೆಯಬಹುದು. 2006ರಿಂದ ಕೆಲ ವರ್ಷ ನ್ಯೂಯಾರ್ಕಿನಲ್ಲಿ ಇವರದೇ 'ಬ್ಲಿಪ್' ಉತ್ಸವ ನಡೆಯಿತು, ಟೋಕಿಯೋಗೂ ಬಂತು.

ಮರುದಿನ ಒಸಾಕಾದ ನಿಪ್ಪೊನ್‌ಬಾಶಿಗೆ ಹೋದೆವು. ನಮ್ಮ ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಗುಡಿಸಿ ಒರೆಸಿ ಇಟ್ಟಂಥ ಬೀದಿ. ಹಳೆಯ ಆಟದ ಅಂಗಡಿಗಳಲ್ಲಿ 'ಜಂಕ್' ಎಂದು ಬರೆದ ಬುಟ್ಟಿಗಳಿರುತ್ತವೆ. ಅದರಲ್ಲಿನ ಸಾಮಾನು ಓಡಿದರೆ ನಿಮ್ಮ ಪುಣ್ಯ. ಒಂದು ಗೇಮ್ ಬಾಯ್ ಕೊಂಡೆ. ಪರದೆಯಲ್ಲಿ ನಾಲ್ಕೈದು ಉದ್ದ ಗೆರೆಗಳು ಮಾಯವಾಗಿದ್ದವು. ಮಗಳ ಪರಿಚಯದ ಹುಡುಗನೊಬ್ಬ ಪರದೆಯ ತುದಿಯ ಪಟ್ಟಿಯ ಮೇಲೆ ಬಿಸಿ ಸಾಲ್ಡರಿಂಗ್ ಕಡ್ಡಿಯನ್ನು ಮೆಲ್ಲಗೆ ಎಳೆದ. ಗೆರೆಗಳು ಒಂದೊಂದಾಗಿ ಮರಳಿದವು.

ಈ ಹುಡುಗ ಹಗಲು ಕಚೇರಿಯ ಲೆಕ್ಕ ಬರೆಯುತ್ತಾನೆ, ರಾತ್ರಿ ನೆಲಮಾಳಿಗೆಯ ಪುಟ್ಟ ಸಭಾಂಗಣಗಳಲ್ಲಿ ಎರಡು ಗೇಮ್ ಬಾಯ್‌ಗಳನ್ನು ತಂತಿಯಿಂದ ಜೋಡಿಸಿ ನುಡಿಸುತ್ತಾನೆ. ಅವನ ಕಛೇರಿಗೂ ಹೋಗಿದ್ದೆ. ನಲವತ್ತು ಜನ ಇದ್ದರೆ ಹೆಚ್ಚು. ಕೆಳಸ್ವರಗಳು ಎದೆಗೆ ಬಡಿಯುತ್ತಿದ್ದವು. ಇದಕ್ಕಾಗಿಯೇ ಇವರು 1989ರ ಮೂಲ ಮಾದರಿಯನ್ನು ಬಿಡರು. ಅಬ್ಬರ ನನಗೆ ಒಗ್ಗಲಿಲ್ಲ. ಆದರೆ ನಡುವೆ ಒಂದು ವಿಳಂಬದ ತುಣುಕು ಬಂತು, ಒಂದೇ ತೆಳು ದನಿ, ಕೆಳಗೆ ಅಕ್ಕಿ ಕೇರುವ ಸದ್ದು. ಅದನ್ನು ಇನ್ನೊಮ್ಮೆ ಕೇಳಬೇಕೆನಿಸಿತು.

ಅವನನ್ನು ಕೇಳಿದಾಗ ಅದಿನ್ನೂ ಮುಗಿದಿಲ್ಲ ಎಂದ. ಎಂಟು ವರ್ಷದ ಇಂಥ ಅರೆಬರೆ ರಚನೆಗಳೆಲ್ಲ ಇರುವುದು ಕ್ಯಾಸೆಟ್ಟಿನೊಳಗಿನ ಒಂದು ನೆನಪಿನ ಚಿಪ್ಪಿನಲ್ಲಿ. ಅದನ್ನು ಬದುಕಿಸಿಟ್ಟಿರುವುದು ನಾಣ್ಯದಂಥ ಮೂರು ವೋಲ್ಟಿನ ಸೆಲ್. ಅದು ಸತ್ತ ಕ್ಷಣ ಎಲ್ಲ ಅಳಿಸಿಹೋಗುತ್ತದೆ. ಮುಗಿದವನ್ನು ಆತ ಧ್ವನಿಮುದ್ರಿಸಿದ್ದ. ಮುಗಿಯದವಕ್ಕೆ ಬೇರೆ ಪ್ರತಿ ಇರಲಿಲ್ಲ. ಸೆಲ್ಲಿನ ಆಯುಷ್ಯ ಮುಗಿಯುತ್ತ ಬಂದಿತ್ತು.

ಭಾನುವಾರ ಅವನ ಕೋಣೆಯಲ್ಲಿ ನೆಲದ ಮೇಲೆ ಕೂತೆವು. ಕ್ಯಾಸೆಟ್ಟನ್ನು ಬಿಚ್ಚಿ, ಎರಡು ಮಾಮೂಲಿ ಪೆನ್ಸಿಲ್ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿ ಮೂರು ವೋಲ್ಟ್ ಮಾಡಿಕೊಂಡ. ಅದರ ತಂತಿಗಳನ್ನು ಹಳೆಯ ಸೆಲ್ಲಿಗೆ ಸಮಾಂತರವಾಗಿ ಹಚ್ಚಿದ. ಹತ್ತನೇ ತರಗತಿಯ ಪಾಠ! ಧನಕ್ಕೆ ಧನ, ಋಣಕ್ಕೆ ಋಣ. ನಾನೂ ಎರಡು ಸಲ ನೋಡಿದೆ. ತಂತಿ ಕದಲದಂತೆ ಹಿಡಿದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಆತ ಹಳೆಯ ಸೆಲ್ ಕಿತ್ತು ಹೊಸದನ್ನು ಬೆಸೆಯುವವರೆಗೆ, ಸುಮಾರು ನಾಲ್ಕು ನಿಮಿಷ, ಮೂವರೂ ಮಾತಾಡಲಿಲ್ಲ. ಆಮೇಲೆ ತಂತಿ ಬಿಡಿಸಿ, ಕ್ಯಾಸೆಟ್ ಸಿಕ್ಕಿಸಿ, ಗುಂಡಿ ಒತ್ತಿದ. ಪಟ್ಟಿ ತೆರೆಯಿತು, ಹೆಸರುಗಳೆಲ್ಲ ಇದ್ದವು. ನಾನು ಏನೂ ಕೇಳದೆಯೇ ಆ ವಿಳಂಬದ ತುಣುಕನ್ನು ಹಾಕಿದ.